ಕುಶನ್ ಅಕ್ಕನ ಮಲಗುವ ಸೀಟು

"ಊರಿಗೆಲ್ಲ ಕೂರೋಕೆ ಮೆತ್ತಗೆ ಮಾಡ್ಕೊಡ್ತಾಳೆ, ತಾನು ಮಾತ್ರ ಒಂದು ಸಲ ಕೂತಿದ್ದು ಕಂಡಿಲ್ಲ" ಎಂದು ಬೀದಿಯವರು ಕುಶನ್ ಅಕ್ಕನ ಬಗ್ಗೆ ಹೇಳುತ್ತಿದ್ದರು. ಎದುರಿನ ಸಲೂನಿನವನಂತೂ, "ಆಯಮ್ಮ ಹುಟ್ಟುವಾಗಲೇ ನಿಂತ್ಕೊಂಡು ಹುಟ್ಟಿರಬೇಕು" ಎಂದು ಗಿರಾಕಿಯ ಕೆನ್ನೆಗೆ ಸೋಪು ಹಚ್ಚುತ್ತಲೇ ನಗಿಸುತ್ತಿದ್ದ. ಮೂಲೆಯ ದಿನಸಿ ಅಂಗಡಿಯವಳು ಇಬ್ಬರನ್ನೂ ಬೈದು, "ನಿಮ್ಮ ಕೆಳಗಿರೋ ಕುರ್ಚಿಗೆ ದಿಂಬು ಹೊಲಿದವಳು ಅವಳೇ, ನಾಲಿಗೆ ಬಿಗಿ ಹಿಡೀರಿ" ಎನ್ನುತ್ತಿದ್ದಳು. ಬೈದ ಮರುಗಳಿಗೆ ಅವಳಿಗೂ ನಗು ಬರುತ್ತಿತ್ತು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಕ್ಕನ ಅಂಗಡಿ. ಅಲ್ಲಿ ಮೂವತ್ತೈದು ವರ್ಷ ಬಗ್ಗಿ ಬಗ್ಗಿ ಸೋಫಾಗಳ ಹೊಟ್ಟೆ ಬಿಚ್ಚಿದ್ದಳು, ಸ್ಪ್ರಿಂಗುಗಳನ್ನು ದಾರದಲ್ಲಿ ಕಟ್ಟಿದ್ದಳು, ದಬ್ಬಣ ಹಿಡಿದು ರೆಕ್ಸಿನ್ ಹೊಲಿದಿದ್ದಳು. ಬೆನ್ನು ಅದಕ್ಕೆ ತಕ್ಕ ಉತ್ತರ ಕೊಟ್ಟಿತ್ತು. ಸೊಂಟದ ಹತ್ತಿರ ಎರಡು ಮೂಳೆಗಳ ನಡುವೆ ಇರಬೇಕಾದದ್ದು ಸವೆದುಹೋಗಿತ್ತು. "ಒಂದು ಗಂಟೆಗಿಂತ ಜಾಸ್ತಿ ಕೂತರೆ ಎದ್ದು ನಡೆಯೋಕೆ ವಾರ ಬೇಕಾಗುತ್ತೆ. ನಿಲ್ಲಿ, ಇಲ್ಲ ಮಲಗಿ. ಮಧ್ಯದ್ದು ನಿಮಗೆ ಬೇಡ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಅಕ್ಕ ಊಟವನ್ನು ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಮಾಡುವಳು, ಟಿವಿಯನ್ನು ಚಾಪೆಯ ಮೇಲೆ ಮಲಗಿ ನೋಡುವಳು. ಊರಿನ ಸಿನಿಮಾ ಮಂದಿರದ ನಾನ್ನೂರು ಸೀಟಿಗೆ ಹೊಸ ಹೊದಿಕೆ ಹಾಕಿದವಳು, ಅಲ್ಲಿ ಸಿನಿಮಾ ನೋಡಿದ್ದು ಮಾತ್ರ ಬಾಗಿಲ ಕಂಬಕ್ಕೆ ಒರಗಿಕೊಂಡು.

ಗಂಡ ಇದಕ್ಕೆ ಪೂರ್ತಿ ಉಲ್ಟಾ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಬೀದಿಗೆಲ್ಲ ಅವನು ಈಗಲೂ 'ಡ್ರೈವರ್'. ಕೂತರೆ ಏಳಬೇಕು ಎನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು. "ನಿನ್ನ ಪಾಲಿನದನ್ನೂ ನಾನೇ ಕೂತಿದೀನಿ ಬಿಡೇ" ಎಂದು ಹೆಂಡತಿಯನ್ನು ಸಮಾಧಾನ ಮಾಡುವನು. ಅವಳು ಕೈಯಲ್ಲಿದ್ದ ಫೋಮಿನ ತುಂಡನ್ನು ಅವನ ತಲೆಗೆ ಎಸೆಯುವಳು. ಫೋಮಾದ್ದರಿಂದ ಸಂಸಾರ ನಡೆದಿತ್ತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ತಂಗಿಯ ಫೋನು ಬಂತು.

ತಂಗಿ ಎಂದರೆ ಹೆಸರಿಗೆ ತಂಗಿ. ತಾಯಿ ಹೋದಾಗ ಅವಳಿಗೆ ನಾಲ್ಕು ವರ್ಷ, ಅಕ್ಕನಿಗೆ ಹತ್ತು. ತಲೆ ಬಾಚಿ, ಮೂಗು ಒರೆಸಿ, ಬೈದು, ಬೆಳೆಸಿದವಳು ಅಕ್ಕನೇ. ಆ ಹುಡುಗಿ ದೊಡ್ಡವಳಾಗಿ ಸಮುದ್ರದಾಚೆಯ ಒಂದು ಊರಿಗೆ ಕೆಲಸಕ್ಕೆ ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಲ್ಲಿ ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಅವಳೇ ಮೇಲ್ವಿಚಾರಕಿ. ನಡುವೆ ಎರಡು ಸಲ ಬಂದು ಹೋಗಿದ್ದಳು. ಮದುವೆಯ ಮಾತೆತ್ತಿದರೆ, "ನೂರಿಪ್ಪತ್ತು ಮಂಚದ ಹೊದಿಕೆ ಮಡಚ್ತೀನಿ, ಇನ್ನೊಬ್ಬರದ್ದು ಯಾಕಕ್ಕ" ಎಂದು ಹಾರಿಸಿಬಿಡುತ್ತಿದ್ದಳು.

"ಅಕ್ಕಾ, ನಿಂತಿದೀಯಾ, ಮಲಗಿದೀಯಾ?"

"ನಿಂತಿದೀನಿ. ಯಾಕೆ?"

"ಹಾಗಾದ್ರೆ ಮಲಗು. ಆಮೇಲೆ ಹೇಳ್ತೀನಿ."

ಅಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಮಲಗಿದಳು. ತಂಗಿ ಹೇಳಿದಳು. ಐವತ್ತೆರಡನೇ ವಯಸ್ಸಿನಲ್ಲಿ ಮದುವೆಯಾಗುತ್ತಿದ್ದಳು! ಗಂಡು ಹೋಟೆಲಿಗೆ ಬ್ರೆಡ್ಡು ಹಾಕುವ ಬೇಕರಿಯವನು. ಹದಿಮೂರು ವರ್ಷದಿಂದ ದಿನಾ ಬೆಳಿಗ್ಗೆ ಹಿಂಬಾಗಿಲಲ್ಲಿ ಬ್ರೆಡ್ಡಿನ ಜೊತೆ ಒಂದು ಮಾತು ಇಟ್ಟು ಹೋಗುತ್ತಿದ್ದವನು, ಕೊನೆಗೆ ಆ ಮಾತನ್ನೂ ಕೇಳಿಯೇಬಿಟ್ಟಿದ್ದ. ಅವನ ತಾಯಿಗೆ ತೊಂಬತ್ತು, ವಿಮಾನ ಹತ್ತಿ ಬರಲಾರಳು. ಹಾಗಾಗಿ ಮದುವೆ ಅಲ್ಲೇ, ನೋಂದಣಿ ಕಚೇರಿಯಲ್ಲಿ, ಎಂಟು ವಾರದ ನಂತರದ ಶುಕ್ರವಾರ.

"ಎರಡು ಸಾಕ್ಷಿ ಬೇಕಂತೆ ಅಕ್ಕ. ಅವರ ಕಡೆಯಿಂದ ಅವರ ಅಕ್ಕ. ನನ್ನ ಕಡೆಯಿಂದ ನೀನು. ನೀನು ಬಂದು ಸಹಿ ಹಾಕಿದ್ರೆ ಮದುವೆ. ಇಲ್ಲಾಂದ್ರೆ ಇನ್ನೂ ಹದಿಮೂರು ವರ್ಷ ಬ್ರೆಡ್ಡು ತಂದು ಹಾಕ್ಲಿ."

"ಹುಚ್ಚಿ, ಹಾಗೆಲ್ಲ ಅನ್ನಬೇಡ! ಬಂದೇ ಬರ್ತೀನಿ."

ಫೋನಿಟ್ಟು ಅಕ್ಕ ಮೇಜಿನಿಂದ ಮೆಲ್ಲಗೆ ಇಳಿದಳು. ಬಂದೇ ಬರ್ತೀನಿ ಅಂದುಬಿಟ್ಟಿದ್ದಳು, ಆದರೆ ಹೇಗೆ? ವಿಮಾನದಲ್ಲಿ ಹದಿನಾಲ್ಕು ಗಂಟೆ. ಮಾಮೂಲಿ ಸೀಟಿನಲ್ಲಿ ಹೋದರೆ ಅವಳನ್ನು ಅಲ್ಲಿ ಇಳಿಸುವುದಕ್ಕೆ ಕ್ರೇನು ಬೇಕಾಗುತ್ತಿತ್ತು. ಮಲಗಿಕೊಂಡು ಹೋಗುವ ಸೀಟುಗಳೂ ಇದ್ದವು, ನಿಜ. ಡ್ರೈವರ್ ಅದರ ಬೆಲೆಯನ್ನು ಫೋನಿನಲ್ಲಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಈ ಮನೆ, ಈ ಅಂಗಡಿ, ಜೊತೆಗೆ ನನ್ನನ್ನೂ ಮಾರಿದ್ರೂ ಬಾಗಿಲವರೆಗೆ ಹೋಗಬಹುದು ಅಷ್ಟೇ" ಎಂದ.

"ನಿಮ್ಮನ್ನ ಯಾರು ಕೊಳ್ತಾರೆ, ಸುಮ್ನಿರಿ" ಎಂದು ಅಕ್ಕ ಹೇಳಿದಳು.

ಒಂದು ವಾರ ಅವಳು ಸುತ್ತಿಗೆ ಎತ್ತಿದರೆ ಮೊಳೆ ಬಿಟ್ಟು ಬೆರಳಿಗೇ ಹೊಡೆದುಕೊಂಡಳು. ಎಂಟನೆಯ ದಿನ ಅಂಗಡಿಗೆ ಒಂದು ತಿರುಗುವ ಕುರ್ಚಿ ಬಂತು, ಅದರ ಹಿಂದೆಯೇ ಅದರ ಒಡತಿ ಬಂದರು. ವಿಮಾನ ಕಂಪನಿಯ ಟಿಕೆಟ್ ಕೌಂಟರಿನಲ್ಲಿ ಜೀವಮಾನ ಕಳೆದು ನಿವೃತ್ತರಾದ ಹೆಂಗಸು. ಕೊನೆಯ ದಿನ ನೆನಪಿಗೆಂದು ಆ ಕೌಂಟರಿನ ಕುರ್ಚಿಯನ್ನೇ ಕೇಳಿ ಮನೆಗೆ ತಂದಿದ್ದರಂತೆ, ಈಗ ಅದರ ಫೋಮು ಕುಸಿದಿತ್ತು. ಹೆಸರು ಕೇಳುವ ಮೊದಲೇ ಡ್ರೈವರ್ ಅವರಿಗೆ 'ಕೌಂಟರ್ ಮೇಡಂ' ಎಂದು ನಾಮಕರಣ ಮಾಡಿಬಿಟ್ಟ.

ಕೌಂಟರ್ ಮೇಡಂ ಕುರ್ಚಿಯ ಬಣ್ಣ ಆರಿಸುತ್ತಾ ಮೇಲಿನ ಅಟ್ಟದ ಕಡೆ ನೋಡಿದರು. ಅಲ್ಲಿ ಬಿಚ್ಚದ ಪೆಟ್ಟಿಗೆಗಳ ಸಾಲು. ಮೂರು ಟೋಸ್ಟರ್, ಒಂದು ಕಾಲು ಒತ್ತುವ ಯಂತ್ರ, ಚಕ್ರದ ಸೂಟ್‌ಕೇಸು, ಕೇಕ್ ಕಲಸುವ ಯಂತ್ರ.

"ಏನಮ್ಮ, ಸೋಫಾ ಜೊತೆ ಟೋಸ್ಟರೂ ಮಾರ್ತೀರಾ?"

"ಇಲ್ಲ ಮೇಡಂ, ಅವು ಬಿಟ್ಟಿ ಬಂದಿದ್ದು. ಫೋಮು, ರೆಕ್ಸಿನ್ ಎಲ್ಲ ಬ್ಯಾಂಕ್ ಕಾರ್ಡಲ್ಲೇ ತರ್ತೀನಲ್ಲ, ಅದಕ್ಕೆ ಪಾಯಿಂಟು ಬರುತ್ತೆ. ವರ್ಷಕ್ಕೊಂದು ಸಲ ಅದನ್ನ ಕೊಟ್ಟು ಏನಾದ್ರೂ ತಗೊಳ್ತೀವಿ."

ಕೌಂಟರ್ ಮೇಡಂ ಅಲ್ಲಿದ್ದ ಮುಕ್ಕಾಲಿಯ ಮೇಲೆ ದೊಪ್ಪನೆ ಕೂತರು. "ಒಂದು ಟೋಸ್ಟರಿಗೆ ಎಷ್ಟು ಪಾಯಿಂಟು ಕೊಟ್ರಿ?"

ಅಕ್ಕ ಹೇಳಿದಳು.

"ಅಯ್ಯೋ ನನ್ನ ತಾಯಿ!" ಕೌಂಟರ್ ಮೇಡಂ ಹಣೆ ಚಚ್ಚಿಕೊಂಡರು. "ಅದು ಟೋಸ್ಟರ್ ಅಲ್ಲಮ್ಮ, ವಿಮಾನದ ರೆಕ್ಕೆ! ಆ ಅಟ್ಟದ ಮೇಲೆ ಸಮುದ್ರದ ಅರ್ಧ ದಾರಿ ಕಟ್ಟಿ ಇಟ್ಟಿದೀರಲ್ಲ!"

ಡ್ರೈವರ್ ಒಳಗಿನಿಂದ ಓಡಿ ಬಂದ. ಅವನು ಓಡಿದ್ದನ್ನು ಅಕ್ಕ ನೋಡಿ ಎಷ್ಟೋ ವರ್ಷವಾಗಿತ್ತು.

ಆಗ ಕೌಂಟರ್ ಮೇಡಂ ಬಾಯಿಂದ ಹೊರಟದ್ದು ಆ ಗಂಡ ಹೆಂಡತಿಗೆ ಮಾಯಾಲೋಕದ ಕತೆಯಂತೆ ಕೇಳಿತು. ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಗೆ ವರ್ಗ ಮಾಡಿದರೆ ಅದು ಮೈಲಿಯಾಗುತ್ತದಂತೆ. ಮೈಲಿಯಲ್ಲಿ ಮಾಮೂಲಿ ಸೀಟು ಕೊಂಡರೆ ಲಾಭ ಅಷ್ಟಕ್ಕಷ್ಟೆ, ಅದೇ ಮೈಲಿಯಲ್ಲಿ ಮಲಗುವ ಸೀಟು ಹಿಡಿದರೆ ಒಂದಕ್ಕೆ ನಾಲ್ಕರಷ್ಟು ಬೆಲೆ. ಪ್ರತಿ ವಿಮಾನದಲ್ಲೂ ಅಂಥ ಸೀಟು ಒಂದೋ ಎರಡೋ ಮೈಲಿಯವರಿಗಾಗಿ ಬಿಡುತ್ತಾರೆ. ಒಂದು ವರ್ಷ ಮುಂಚೆಯೇ ಬಿಡುತ್ತಾರೆ, ಆಮೇಲೆ ಹೊರಡುವ ಎರಡು ಮೂರು ವಾರ ಮುಂಚೆ ಮಿಕ್ಕದ್ದನ್ನು ಬಿಡುತ್ತಾರೆ. ವಾರದ ಕೊನೆಯಲ್ಲಿ ಸಿಗದು, ಮಂಗಳವಾರ ಬುಧವಾರ ಹುಡುಕಬೇಕು.

"ನಿಮ್ಮ ಹತ್ರ ಈಗ ಎಷ್ಟಿದೆ?"

ಐವತ್ತೆಂಟು ಸಾವಿರ ಇತ್ತು. ಹೋಗುವುದಕ್ಕೇ ಬೇಕಾದದ್ದು ತೊಂಬತ್ತು ಸಾವಿರ.

ಅಕ್ಕನ ಕಣ್ಣು ಅಟ್ಟದ ಮೇಲೆ ಹೋಯಿತು. "ವಾಪಸ್ ತಗೊಳ್ತಾರಾ ಮೇಡಂ, ಟೋಸ್ಟರು? ಒಂದನ್ನೂ ಬಿಚ್ಚಿಲ್ಲ."

"ಕೊಟ್ಟಿದ್ದು ಕೊಟ್ಟ ಹಾಗೆ. ಇನ್ನು ಮುಂದಿನದು ನೋಡಿ. ಬ್ಯಾಂಕಿನವರದ್ದೇ ಒಂದು ಅಂಗಡಿ ಪುಟ ಇರುತ್ತೆ, ಅದರ ಮೂಲಕ ಹೋಗಿ ಅದೇ ಫೋಮು ಕೊಂಡರೆ ಪಾಯಿಂಟು ನಾಲ್ಕು ಪಟ್ಟು. ಗೊತ್ತಿತ್ತಾ?"

ಎಲ್ಲಿ ಗೊತ್ತಿತ್ತು! ಅಕ್ಕ ಒಂದು ಕಪ್ಪು ರೆಕ್ಸಿನ್ ತುಂಡನ್ನು ಗೋಡೆಗೆ ಮೊಳೆ ಹೊಡೆದು ಹಾಕಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕೌಂಟರ್ ಮೇಡಂ ಹೇಳಿದ್ದನ್ನೆಲ್ಲ ಬರೆದುಕೊಂಡಳು. ಎಲ್ಲಕ್ಕಿಂತ ಮೇಲೆ, ಅವರು ಮೂರು ಸಲ ಒತ್ತಿ ಹೇಳಿದ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಳು: 'ಸೀಟು ಕಣ್ಣಿಗೆ ಕಾಣುವ ತನಕ ಪಾಯಿಂಟು ಕದಲಿಸಬಾರದು.' ಬ್ಯಾಂಕಿನಿಂದ ಹೋದ ಪಾಯಿಂಟು ತಿರುಗಿ ಬ್ಯಾಂಕಿಗೆ ಬರುವುದಿಲ್ಲವಂತೆ.

ಸುದ್ದಿ ಬೀದಿಗೆ ಹಬ್ಬುವುದಕ್ಕೆ ಅರ್ಧ ದಿನ ಸಾಕಾಯಿತು. ಸಲೂನಿನವನು ಎರಡು ವರ್ಷದಿಂದ ಮುಂದೂಡಿದ್ದ ಮೂರು ಕುರ್ಚಿಗಳ ಕೆಲಸ ಕೊಟ್ಟ. "ನಿಂತ್ಕೊಂಡು ಹುಟ್ಟಿದವಳು ಮಲಗಿಕೊಂಡು ಹೋಗ್ತಾಳೆ ಅಂದ್ರೆ ನೋಡಬೇಕಲ್ಲ" ಎಂದ. ದಿನಸಿ ಅಂಗಡಿಯವಳು ಒಂದು ಬೆಂಚಿಗೆ ದಿಂಬು ಹೊಲಿಸಿದಳು, ಅಂಗಡಿಯಲ್ಲಿ ಬೆಂಚೇ ಇರಲಿಲ್ಲ, ಆಮೇಲೆ ಮಾಡಿಸಿದಳು. ಸಿನಿಮಾ ಮಂದಿರದ ಮಾಲೀಕ ಬಾಲ್ಕನಿಯ ಸೀಟುಗಳನ್ನೆಲ್ಲ ಹೊಸದು ಮಾಡಲು ಒಪ್ಪಿದ. ಫೋಮಿನ ಸುರುಳಿಗಳು ಅಂಗಡಿಯಿಂದ ಹೊರಗೆ ಚೆಲ್ಲಿ, ಹಾದಿಯ ಮೇಲೆ ಹಳದಿ ಗುಡ್ಡದಂತೆ ಬಿದ್ದವು. ಅಕ್ಕನ ಕೈ ಬಿಡುವಿಲ್ಲದೆ ಓಡುತ್ತಿತ್ತು. ಬೆನ್ನು ಹಿಡಿದಾಗ ಅದೇ ಫೋಮಿನ ಮೇಲೆ ಮಲಗುವಳು, ಫೋನು ತೆಗೆದು ವಿಮಾನದ ಸೀಟುಗಳ ಚಿತ್ರ ನೋಡುವಳು.

"ರೀ, ನೋಡಿ ಇಲ್ಲಿ. ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದಾರೆ. ಕೆಲಸ ಗೊತ್ತಿರೋರು. ಆದ್ರೆ ಸೊಂಟದ ಹತ್ರ ಫೋಮು ತೆಳ್ಳಗಾಯ್ತು."

"ಹತ್ತೋ ಮುಂಚೆನೇ ರಿಪೇರಿ ಶುರು ಮಾಡ್ದ್ಯಾ?"

"ಕಣ್ಣಿಗೆ ಕಂಡಿದ್ದು ಹೇಳ್ದೆ."

ಐದು ವಾರ ಮುಗಿಯುವಷ್ಟರಲ್ಲಿ ಪಾಯಿಂಟು ಎಪ್ಪತ್ತಾರು ಸಾವಿರಕ್ಕೆ ಬಂದು ನಿಂತಿತು. ಇನ್ನೂ ಹದಿನಾಲ್ಕು ಸಾವಿರ ಬೇಕು, ಮದುವೆಗೆ ಮೂರು ವಾರ. ಬೀದಿಯಲ್ಲಿ ಹೊಲಿಸುವುದಕ್ಕೆ ಇನ್ನೊಂದು ಕುರ್ಚಿ ಉಳಿದಿರಲಿಲ್ಲ. ಅಕ್ಕನಿಗೆ ಅನ್ನ ಸೇರದಂತಾಯಿತು. ಹೆಂಡತಿಯ ತಟ್ಟೆಯಲ್ಲಿ ಮಿಕ್ಕದ್ದನ್ನು ನೋಡಿ ಡ್ರೈವರನಿಗೂ ಸೇರಲಿಲ್ಲ.

ಆ ಸೋಮವಾರ ಅಕ್ಕ ಸಿನಿಮಾ ಮಂದಿರದಲ್ಲಿ ಸೀಟು ಕೂರಿಸಲು ಹೋಗಿದ್ದಳು. ಡ್ರೈವರ್ ಒಬ್ಬನೇ ಮನೆಯಲ್ಲಿ, ಹೆಂಡತಿ ಬಿಟ್ಟು ಹೋದ ಫೋನಿನ ಮುಂದೆ. ಬ್ಯಾಂಕಿನ ಪುಟ ತೆರೆದ ಕೂಡಲೇ ಕೆಂಪು ಅಕ್ಷರ ಕುಣಿಯಿತು. 'ಇಂದು ಮಾತ್ರ! ಈ ವಿಮಾನ ಕಂಪನಿಗೆ ಪಾಯಿಂಟು ವರ್ಗ ಮಾಡಿದರೆ ಕಾಲುಭಾಗ ಹೆಚ್ಚುವರಿ!' ಡ್ರೈವರ್ ಬೆರಳು ಮಡಚಿ ಲೆಕ್ಕ ಹಾಕಿದ. ಎಪ್ಪತ್ತಾರಕ್ಕೆ ಕಾಲುಭಾಗ ಹತ್ತೊಂಬತ್ತು. ತೊಂಬತ್ತೈದು ಸಾವಿರ!

ಗೋಡೆಯ ಮೇಲಿನ ದಪ್ಪ ಅಕ್ಷರ ಅವನಿಗೆ ಕಾಣಲಿಲ್ಲವೆಂದಲ್ಲ. ಆದರೆ ಅವನು ಬಸ್ಸಿನ ಮನುಷ್ಯ. ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಜನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವುದನ್ನು ಮೂವತ್ತೊಂದು ವರ್ಷ ಕನ್ನಡಿಯಲ್ಲಿ ನೋಡಿದವನು. ಮೊದಲು ಕರವಸ್ತ್ರ ಬಿದ್ದವರದ್ದೇ ಸೀಟು, ಅದರ ಮೇಲೆ ಮಾತಿಲ್ಲ. ಪಾಯಿಂಟನ್ನೂ ಹಾಗೇ ಒಳಗೆ ಎಸೆದರೆ ಸೀಟು ತಮ್ಮದು ಎಂದುಕೊಂಡ. ಒತ್ತಿದ. 'ಖಚಿತವೇ?' ಎಂದು ಫೋನು ಕೇಳಿತು. ಖಚಿತ ಎಂದ.

ಸಂಜೆ ಅಕ್ಕ ಬರುವಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತೇ ಇದ್ದ, ಮುಖ ಇಷ್ಟಗಲ. "ಆಯ್ತು ಕಣೇ! ತೊಂಬತ್ತೈದು ಸಾವಿರ! ಕಂಪನಿಯ ಒಳಗೇ ಸೇರಿಸ್ಬಿಟ್ಟೆ!"

ಸೀಟು ಸಿಕ್ಕ ಮೇಲೆಯೇ ಕದಲಿಸಿರುತ್ತಾನೆ ಎಂದುಕೊಂಡ ಅಕ್ಕ ಚೀಲ ಕೆಳಗೆ ಹಾಕಿ ಅವನ ಎರಡೂ ಕೆನ್ನೆ ಹಿಂಡಿದಳು. ಬೀದಿಗೆ ಬಂದು ಸಲೂನಿನವನಿಗೆ ಕೂಗಿ ಹೇಳಿದಳು. ಆಮೇಲೆ ಕೌಂಟರ್ ಮೇಡಂಗೆ ಫೋನು ಹಚ್ಚಿದಳು.

"ಮೇಡಂ, ಪಾಯಿಂಟು ಹೋಯ್ತು, ಮೈಲಿ ಆಯ್ತು!"

ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಸೀಟು ಯಾವ ದಿನದ್ದು ಸಿಕ್ತು?"

ಅಕ್ಕ ಗಂಡನ ಕಡೆ ತಿರುಗಿದಳು. "ರೀ, ಸೀಟು ಯಾವ ದಿನದ್ದು?"

ಡ್ರೈವರನ ಮುಖದ ಅಗಲ ನಿಧಾನವಾಗಿ ಕಡಿಮೆಯಾಯಿತು. "ಸೀಟು... ಅದೇ ಕೊಡ್ತಾರಲ್ವಾ? ನಾವು ಹಾಕಾಗಿದೆಯಲ್ಲ?"

ಆ ಕಂಪನಿಯಲ್ಲಿ ಮದುವೆಯ ಹಿಂದಿನ ಹತ್ತು ದಿನ ಮೈಲಿಗೆ ಒಂದೇ ಒಂದು ಮಲಗುವ ಸೀಟೂ ಇರಲಿಲ್ಲ. ಕೌಂಟರ್ ಮೇಡಂ ತಮ್ಮ ಮನೆಯಿಂದಲೇ ಎಲ್ಲ ದಿನ ನೋಡಿ ಹೇಳಿದರು. ಪಾಯಿಂಟು ಬ್ಯಾಂಕಿಗೆ ಹಿಂತಿರುಗುವ ದಾರಿಯೂ ಇರಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಡ್ರೈವರನಿಗೆ ಹಗುರವಾಗುತ್ತಿತ್ತು. ಅವಳು ಫೋಮಿನ ಮೇಲೆ ಮಲಗಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಅವಳು ಹುಡುಗಿಯಾಗಿದ್ದಾಗಲೂ ಹೀಗೇ. ಸ್ಕೂಲಲ್ಲಿ ಸಹಿ ಹಾಕಿಸ್ಕೊಂಡು ಬಾ ಅಂದ್ರೆ ನನ್ನ ಹತ್ರನೇ ಬರೋಳು" ಎಂದಳು, ಅಷ್ಟೇ. ಡ್ರೈವರ್ ಆ ಸಂಜೆ ಕುರ್ಚಿಗೆ ಬೆನ್ನು ಕೊಡಲಿಲ್ಲ. ಬಾಗಿಲ ಬಳಿ ನಿಂತೇ ಇದ್ದ. ಬೀದಿಯವರು ನೋಡಿದರು, ಯಾರೂ ತಮಾಷೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಕೌಂಟರ್ ಮೇಡಂ ಬಂದಿಳಿದರು. ಹೊಸ ಫೋಮು ಹಾಕಿದ್ದ ತಮ್ಮ ಕುರ್ಚಿಯನ್ನು ಅಂಗಡಿಯ ನಡುವೆ ಎಳೆದು ಕೂತು, ತೋಳು ಮಡಚಿಕೊಂಡರು.

"ಏಳಮ್ಮ, ಯಾರು ಸತ್ತಿದಾರೆ ಇಲ್ಲಿ? ರಾತ್ರಿಯೆಲ್ಲ ಯೋಚನೆ ಮಾಡಿದೆ. ಈ ವಿಮಾನ ಕಂಪನಿಗಳಿಗೂ ಬೀಗರು ಇರ್ತಾರೆ."

"ಬೀಗರಾ?" ಡ್ರೈವರ್ ಬಾಯಿ ಬಿಟ್ಟ.

"ಹೂಂ, ಬೀಗರು. ಒಂದಿಪ್ಪತ್ತು ಕಂಪನಿ ಸೇರಿ ಸಂಬಂಧ ಮಾಡ್ಕೊಂಡಿರ್ತಾರೆ. ಇವರ ಮನೆ ಮೈಲಿ ತಗೊಂಡು ಅವರ ಮನೆ ವಿಮಾನ ಹತ್ತಬಹುದು. ಆದ್ರೆ ಬೀಗರ ಮನೇಲಿ ಏನಿದೆ ಅಂತ ಇವರ ಪುಟದಲ್ಲಿ ಪೂರ್ತಿ ತೋರಿಸಲ್ಲ. ಫೋನ್ ಮಾಡಿ ಬಾಯಲ್ಲೇ ಕೇಳಬೇಕು. ಹಾಕಿ ಫೋನು."

ಅಕ್ಕ ಕತ್ತರಿಸುವ ಮೇಜಿನ ಮೇಲೆ ಮಲಗಿ ಫೋನನ್ನು ಎದೆಯ ಮೇಲಿಟ್ಟುಕೊಂಡಳು. ಸಂಗೀತ ಶುರುವಾಯಿತು. ಒಂದೇ ರಾಗ, ಹೋಗಿ ಹೋಗಿ ಅಲ್ಲಿಗೇ ಬರುವುದು. ಅರ್ಧ ಗಂಟೆಯಾಯಿತು. ಸಲೂನಿನವನು ಕತ್ತರಿ ಹಿಡಿದೇ ಬಂದು ನಿಂತ, ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿಯೂ ಬಂದ. ದಿನಸಿಯವಳು ಎಲ್ಲರಿಗೂ ಚಹಾ ತಂದಳು. ಗಂಟೆಯಾಯಿತು. ಗಿರಾಕಿ ಆ ರಾಗಕ್ಕೆ ಸಿಳ್ಳೆ ಹಾಕಲು ಕಲಿತುಬಿಟ್ಟ. ಒಂದೂಮುಕ್ಕಾಲು ಗಂಟೆಗೆ ರಾಗ ತಟ್ಟನೆ ನಿಂತು, ಒಂದು ಹೆಣ್ಣು ದನಿ ನಮಸ್ಕಾರ ಹೇಳಿತು. ಅಂಗಡಿಯಲ್ಲಿದ್ದವರೆಲ್ಲ ಮೇಜಿನ ಹತ್ತಿರ ಒತ್ತರಿಸಿಕೊಂಡು ಬಂದರು.

ಕೌಂಟರ್ ಮೇಡಂ ಹೇಳಿಕೊಟ್ಟಂತೆ ಅಕ್ಕ ಕೇಳಿದಳು. ಹೊರಡುವ ಊರೂ ದಿನಾಂಕವೂ ಇಂಥದ್ದೇ ಎಂಬ ಒತ್ತಾಯವಿಲ್ಲ, ಮದುವೆಯ ಶುಕ್ರವಾರದೊಳಗೆ ತಲುಪಬೇಕು, ಬೀಗರದ್ದು ಎಂಬುದನ್ನು ನುಂಗಿಕೊಂಡು 'ಜೊತೆಗಾರ ಕಂಪನಿ'ಯದ್ದಾದರೂ ಆಗಬಹುದು. ಆ ಹುಡುಗಿ ಕೀಲಿಮಣೆ ಕುಟ್ಟಿದಳು. ಇಲ್ಲ ಎಂದಳು. ಮತ್ತೆ ಕುಟ್ಟಿದಳು. ಇಲ್ಲ. ಮೂರನೇ ಸಲವೂ ಕುಟ್ಟಿದಳು.

"ಮೇಡಂ, ಅದೇ ವಾರದ ಮಂಗಳವಾರ ಒಂದೇ ಒಂದು ಇದೆ. ಪೂರ್ತಿ ಮಲಗುವ ಸೀಟು. ಆದ್ರೆ ಅದು ನಿಮ್ಮೂರಿಂದ ಅಲ್ಲ, ಪಕ್ಕದ ದೊಡ್ಡ ನಗರದಿಂದ ಹೊರಡುತ್ತೆ. ಆಮೇಲೆ ಹೋಗಬೇಕಾದ ದಿಕ್ಕು ಬಿಟ್ಟು ಹಿಂದಕ್ಕೆ ಹೋಗಿ, ಅಲ್ಲಿ ಹತ್ತೊಂಬತ್ತು ಗಂಟೆ ಕಾದು, ಇನ್ನೊಂದು ವಿಮಾನದಲ್ಲಿ ಮುಂದಕ್ಕೆ ಹೋಗಬೇಕು. ತುಂಬಾ ಸುತ್ತು. ಗುರುವಾರ ತಲುಪ್ತೀರಿ."

"ಎರಡರಲ್ಲೂ ಮಲಗಬಹುದಾ?"

"ಎರಡರಲ್ಲೂ. ಏರುವಾಗ ಇಳಿಯುವಾಗ ಅರ್ಧರ್ಧ ಗಂಟೆ ಮಾತ್ರ ಕೂರಬೇಕು."

"ಸುತ್ತಿದ್ರೆ ಸುತ್ತಲಿ ತಾಯಿ, ಭೂಮೀನೇ ಒಂದು ರೌಂಡು ಹೊಡೆಸಿದ್ರೂ ಸರಿ! ಮಲಗಿರ್ತೀನಲ್ಲ!"

ಫೋನಿನೊಳಗಿನ ಹುಡುಗಿಗೂ ನಗು ತಡೆಯಲಾಗಲಿಲ್ಲ. "ಎಂಬತ್ತೆಂಟು ಸಾವಿರ ಮೈಲಿ ಆಗುತ್ತೆ. ಆ ನಗರಕ್ಕೆ ಹೋಗೋಕೆ ನಿಮ್ಮೂರಿಂದ ಒಂದು ಸಣ್ಣ ವಿಮಾನ ಇದೆ, ಏರಿಳಿಯೋದೆಲ್ಲ ಸೇರಿ ಎರಡು ಗಂಟೆ, ಕೂತು ಹೋಗೋದು. ಅದನ್ನೂ ಟಿಕೆಟ್ಟಿಗೆ ಸೇರಿಸ್ಲಾ?"

ಎರಡು ಗಂಟೆ ಕೂತು! ಅಕ್ಕ ಕಣ್ಣು ಮುಚ್ಚಿದಳು. ಡ್ರೈವರ್ ಬಗ್ಗಿ ಅವಳ ಕಿವಿಯಲ್ಲಿ, "ಸೇರಿಸೋಕೆ ಹೇಳು, ನಾವು ಅದಕ್ಕೆ ಹತ್ತೋದೇ ಬೇಡ, ಆ ಊರಲ್ಲಿ ಹೋಗಿ ಮುಂದಿನದು ಹತ್ತಿದ್ರಾಯ್ತು. ಬಸ್ಸಲ್ಲಿ ದಿನಾ ಮಾಡ್ತಾರೆ" ಎಂದ.

ಕೌಂಟರ್ ಮೇಡಂ ಕುರ್ಚಿ ಸಮೇತ ತಿರುಗಿ ಅವನ ತೋಳಿಗೆ ಚಟ್ಟನೆ ಏಟು ಹಾಕಿದರು. "ಇನ್ನೊಂದು ಬಸ್ಸಿನ ಮಾತಾಡಿದ್ರೆ ನೋಡಿ! ಮೊದಲನೇ ತುಂಡಿಗೆ ಹತ್ತಲಿಲ್ಲ ಅಂದ್ರೆ ಮುಂದಿನ ತುಂಡೆಲ್ಲ ತಾನಾಗೇ ರದ್ದು. ಅದನ್ನ ಸೇರಿಸಲೇಬಾರದು. ಟಿಕೆಟ್ಟು ಆ ನಗರದಿಂದಲೇ ಶುರುವಾಗ್ಲಿ. ಅಲ್ಲಿವರೆಗೆ ಹೇಗಾದ್ರೂ ಹೋಗಿ."

"ಹೇಗಾದ್ರೂ ಅಂದ್ರೆ?" ಎಂದಳು ದಿನಸಿಯವಳು. "ರಸ್ತೇಲಿ ಐದು ಗಂಟೆ."

ಆಗ ಡ್ರೈವರ್ ನೆಟ್ಟಗೆ ನಿಂತ. ಅವನ ದನಿಯೇ ಬೇರೆಯಾಗಿತ್ತು. "ಸೋಫಾ ಸಾಗಿಸೋ ವ್ಯಾನು ಇದೆಯಲ್ಲ. ಹಿಂದೆ ಫೋಮು ಹಾಸ್ತೀನಿ, ಅವಳು ಮಲಗ್ತಾಳೆ. ನಾನು ಓಡಿಸ್ತೀನಿ. ಸೋಫಾ ಸಾಗಿಸಿ ಸಾಗಿಸಿ ಆ ರಸ್ತೆಯ ಒಂದೊಂದು ಗುಂಡಿನೂ ನನಗೆ ಗೊತ್ತು. ಅವಳ ಸೊಂಟಕ್ಕೆ ಒಂದು ಕುಲುಕು ತಗಲಿದ್ರೆ ನನ್ನನ್ನ ಕೇಳಿ."

ಅಕ್ಕ ಮೇಜಿನ ಮೇಲಿಂದಲೇ ಕೈ ಚಾಚಿ ಅವನ ಅಂಗಿಯ ತುದಿ ಹಿಡಿದುಕೊಂಡಳು. "ನಗರದಿಂದಲೇ ಮಾಡಮ್ಮ" ಎಂದಳು ಫೋನಿಗೆ.

ಕೀಲಿಮಣೆ ಕುಟ್ಟಿತು. ಕುಟ್ಟಿತು. "ಆಯ್ತು ಮೇಡಂ. ಸೀಟು ನಿಮ್ಮದು."

ಆಗ ಎದ್ದ ಗದ್ದಲಕ್ಕೆ ಬೀದಿಯ ಕೊನೆಯಲ್ಲಿದ್ದ ನಾಯಿಗಳೂ ಬೊಗಳಿದವು. ಅರ್ಧ ಕೂದಲಿನ ಗಿರಾಕಿ ಯಾರು ಏನು ಎಂದು ನೋಡದೆ ಡ್ರೈವರನನ್ನು ಅಪ್ಪಿಕೊಂಡ. ಕೌಂಟರ್ ಮೇಡಂ ಕುರ್ಚಿಯನ್ನು ಮೂರು ಸುತ್ತು ಗಿರ್ರನೆ ತಿರುಗಿಸಿದರು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಹೋಗುವುದಕ್ಕಾಯಿತು, ಬರುವುದಕ್ಕೆ? ಮಧ್ಯಾಹ್ನ ತಂಗಿಗೆ ಸುದ್ದಿ ಹೇಳುವಾಗ, ಅವಳು ಅತ್ತು ಮುಗಿಸಿದ ಮೇಲೆ, ಅಕ್ಕ ಸುಮ್ಮನೆ ಕೇಳಿದಳು. "ನಿನ್ನ ಯಜಮಾನರು ಮೈದಾಹಿಟ್ಟು ಹೇಗೆ ತರ್ತಾರೆ, ಕಾರ್ಡಲ್ಲಾ?"

"ಹೌದಕ್ಕ, ಇಪ್ಪತ್ತು ವರ್ಷದಿಂದ. ಯಾಕೆ?"

"ಪಾಯಿಂಟು ಏನ್ಮಾಡ್ತಾರೆ?"

"ಅಯ್ಯೋ, ಅದನ್ನ ಯಾರು ನೋಡ್ತಾರೆ? ಒಂದ್ಸಲ ಕೂದಲು ಒಣಗಿಸೋ ಯಂತ್ರ ತಗೊಂಡ್ರು ನೋಡು. ಅವರ ತಲೇಲಿ ಕೂದಲೇ ಇಲ್ಲ."

ಅಕ್ಕ ಕುಣಿಯುವಂತಿದ್ದರೆ ಕುಣಿಯುತ್ತಿದ್ದಳು. "ಮುಟ್ಟಬೇಡಿ ಅದನ್ನ! ಇನ್ನೊಂದು ಪಾಯಿಂಟು ಮುಟ್ಟಿದ್ರೆ ಮದುವೇನೇ ಇಲ್ಲ ಅಂತ ಹೇಳು! ಎಷ್ಟಿದೆ ಅಂತ ನೋಡಿ ಹೇಳು ಮೊದಲು."

ಒಬ್ಬರಿಗಲ್ಲ, ಇಬ್ಬರಿಗೆ ಸಾಲುವಷ್ಟಿತ್ತು. ಇಪ್ಪತ್ತು ವರ್ಷದ ಬ್ರೆಡ್ಡು! ಬರುವಾಗಿನ ಮಲಗುವ ಸೀಟು ಬುಧವಾರವೊಂದಕ್ಕೆ ಸಿಕ್ಕಿತು, ಈ ಸಲ ಸೀಟು ಕಣ್ಣಿಗೆ ಕಂಡ ಮೇಲೆಯೇ ಪಾಯಿಂಟು ಕದಲಿತು. ಅದನ್ನು ಅಕ್ಕ ತಾನೇ ಮೇಜಿನ ಮೇಲೆ ಮಲಗಿ, ಇನ್ನೂ ಮುಖ ಕಾಣದ, ತಂಗಿಯ ಗಂಡನಾಗುವವನಿಗೆ ಒಂದೊಂದು ಗುಂಡಿಯನ್ನೂ ಹೇಳಿಕೊಟ್ಟು ಮಾಡಿಸಿದಳು. ಅವನಿಗೆ ಅವಳ ಭಾಷೆ ಬರದು, ಅವಳಿಗೆ ಅವನದು. ತಂಗಿ ನಡುವೆ ನಿಂತು ನಗುತ್ತಾ ಹೇಳುತ್ತಿದ್ದಳು. ಮಿಕ್ಕ ಪಾಯಿಂಟಿನಲ್ಲಿ ಡ್ರೈವರನಿಗೂ ಒಂದು ಮಾಮೂಲಿ ಸೀಟು ನೋಡೋಣವೆಂದರೆ ಅವನು ಎರಡೂ ಕೈ ಎತ್ತಿದ. "ಮುಂದೆ ರಸ್ತೆ ಕಾಣದ ಸೀಟಲ್ಲಿ ನಾನು ಕೂತರೆ ದಾರಿಯುದ್ದಕ್ಕೂ ಬ್ರೇಕು ಒತ್ತಿ ನೆಲ ತೂತು ಮಾಡ್ತೀನಿ. ನೀನು ಹೋಗಿ ಬಾ. ಅಂಗಡಿ ನೋಡ್ಕೊಳ್ತೀನಿ."

ಮದುವೆಯ ವಾರದ ಮಂಗಳವಾರ ಬೆಳಿಗ್ಗೆ ಅಕ್ಕ ಮನೆಯಿಂದ ನಾಲ್ಕು ಸಲ ಹೊರಟಳು.

ಮೊದಲ ಸಲ ವ್ಯಾನಿನ ಹತ್ತಿರ ಹೋಗಿ, ಕನ್ನಡಕ ಮರೆತೆನೆಂದು ವಾಪಸಾದಳು. ಎರಡನೇ ಸಲ ಮಲಗಿಯೂ ಆಗಿತ್ತು, ಸಲೂನಿನವನ ಕುರ್ಚಿಯೊಂದಕ್ಕೆ ಕೊನೆಯ ನಾಲ್ಕು ಮೊಳೆ ಬಾಕಿಯಿದೆ ಎಂದು ನೆನಪಾಗಿ ಇಳಿದು ಹೋಗಿ ಹೊಡೆದು ಬಂದಳು. "ಹೋಗೇ ತಾಯಿ, ನಿನ್ನ ದಮ್ಮಯ್ಯ, ನಾಲ್ಕು ಮೊಳೆ ಇಲ್ದಿದ್ರೆ ಗಿರಾಕಿ ಏನು ಕೆಳಗೆ ಬೀಳ್ತಾನಾ" ಎಂದು ಸಲೂನಿನವನು ಕೈಮುಗಿದ. ಮೂರನೇ ಸಲ ಏನೂ ಮರೆತಿರಲಿಲ್ಲ. ಸುಮ್ಮನೆ ಒಳಗೆ ಹೋಗಿ, ಖಾಲಿ ಮೇಜಿನ ಮೇಲೆ ಬಿಳಿ ಹಾಳೆಯಿಟ್ಟು ತನ್ನ ಸಹಿಯನ್ನು ಆರು ಸಲ ಹಾಕಿ ನೋಡಿದಳು. ಆರೂ ಸೊಟ್ಟಗಿದ್ದವು. ಏಳನೆಯದು ನೆಟ್ಟಗೆ ಬಂತು.

"ಏನ್ಮಾಡ್ತಿದೀಯೇ ಒಳಗೆ?" ಎಂದು ಡ್ರೈವರ್ ಕೂಗಿದ. "ವಿಮಾನ ನಿನಗೋಸ್ಕರ ಹಾರ್ನ್ ಹೊಡೆಯಲ್ಲ!"

"ಬಂದೆ ಬಂದೆ!"

ನಾಲ್ಕನೇ ಸಲ ಬಾಗಿಲು ಎಳೆದುಕೊಂಡು ಬಂದವಳು ತಿರುಗಿ ನೋಡಲಿಲ್ಲ. ದಿನಸಿಯವಳು ಸೊಂಟಕ್ಕೆ ಕೈ ಕೊಟ್ಟಳು, ಕೌಂಟರ್ ಮೇಡಂ ಕಾಲು ಎತ್ತಿ ಒಳಗಿಟ್ಟರು. "ಟಿಕೆಟ್ಟು, ಪಾಸ್‌ಪೋರ್ಟು, ತಂಗಿ ಮಾಡಿಸಿಕೊಟ್ಟ ವೀಸಾ ಎಲ್ಲ ಎದೆ ಮೇಲೇ ಇರ್ಲಿ. ಹತ್ತಿದ ಕೂಡಲೇ ಹಾಸಿಗೆ ಬಿಚ್ಚೋಕೆ ಹೇಳಬೇಡಿ, ಮೇಲೇರೋವರೆಗೆ ತಾಳಿ" ಎಂದು ಉಸುರಿದರು. ಫೋಮಿನ ಮೇಲೆ ಅಕ್ಕ ಉದ್ದಕ್ಕೆ ಚಾಚಿಕೊಂಡಳು. ಮೇಲೆ ವ್ಯಾನಿನ ತಗಡು, ಹಿಂದೆ ತೆರೆದ ಬಾಗಿಲಿನ ಚೌಕದಲ್ಲಿ ಬೀದಿಯವರ ಮುಖಗಳು ಒಂದರ ಮೇಲೊಂದು.

"ಮಲಗಿದ್ಯಾ?" ಮುಂದಿನಿಂದ ಡ್ರೈವರ್ ಕೇಳಿದ.

"ಮಲಗಿದೀನಿ."

"ಹೊರಡ್ಲಾ?"

ಅಕ್ಕ ಮುಷ್ಟಿಯಿಂದ ವ್ಯಾನಿನ ಪಕ್ಕದ ತಗಡನ್ನು ಎರಡು ಸಲ ಗುದ್ದಿದಳು. "ರೈಟ್! ರೈಟ್!" ಎಂದು ಗಂಟಲು ಹರಿಯುವಂತೆ ಕೂಗಿದಳು. ಡ್ರೈವರ್ ಮೆಲ್ಲಗೆ, ಲೋಟದ ನೀರೂ ತುಳುಕದಷ್ಟು ಮೆಲ್ಲಗೆ, ಗೇರು ಹಾಕಿದ.